ತೇಗದ ಕೋಡುಬಳೆ

ತಿಂಡಿಯ ತಟ್ಟೆ ಎದುರಿಗೆ ಬಂದಾಗ ಮನುಷ್ಯರ ಕೈ ಒಂದು ಗಳಿಗೆ ಗಾಳಿಯಲ್ಲೇ ತಡೆಯುತ್ತದೆ. ನೀವು ಗಮನಿಸಿದ್ದೀರೋ ಇಲ್ಲವೋ. ಆ ಒಂದು ಗಳಿಗೆಯಲ್ಲಿ ಮನಸ್ಸಿನೊಳಗೆ ಸಣ್ಣದೊಂದು ಪಂಚಾಯಿತಿಯೇ ಸೇರಿ ಮುಗಿದಿರುತ್ತದೆ. ದೊಡ್ಡದನ್ನು ತೆಗೆದುಕೋ ಎನ್ನುತ್ತದೆ ನಾಲಿಗೆ. ಜನ ನೋಡುತ್ತಿದ್ದಾರೆ ಎನ್ನುತ್ತದೆ ಮರ್ಯಾದೆ. ಕಡೆಗೆ ಕೈಯೆಂಬ ಜಾಣ ಮಧ್ಯಸ್ಥ ಇಬ್ಬರನ್ನೂ ಸಮಾಧಾನ ಮಾಡಿ, ಎಲ್ಲಕ್ಕಿಂತ ದೊಡ್ಡದನ್ನು ಬಿಟ್ಟು, ಅದರ ಮರೆಯಲ್ಲಿರುವ, ಅಷ್ಟೇ ದೊಡ್ಡದಾದ ಇನ್ನೊಂದನ್ನು ಎತ್ತಿಕೊಳ್ಳುತ್ತದೆ. ಜಾತಕ ನೋಡಿ ಸಂಬಂಧ ಕುದುರಿಸುವವರು ಒಮ್ಮೆ ತಟ್ಟೆಯ ಮುಂದೆ ಆ ಕೈಯನ್ನೂ ನೋಡಿದರೆ ಎಷ್ಟೋ ವಿಷಯ ತಿಳಿದೀತು ಎಂದು ನನಗೆ ಅನ್ನಿಸುವುದುಂಟು.

ನನಗೆ ಈ ಶಾಸ್ತ್ರದಲ್ಲಿ ಇಷ್ಟು ಆಸಕ್ತಿ ಏಕೆಂದು ಕೇಳಿದರೆ, ನಾನು ಸೊಸೆಯಾಗಿ ಸೇರಿದ ಮನೆಯನ್ನೇ ಬೆರಳು ಮಾಡಿ ತೋರಿಸಬೇಕು. ಆ ಮನೆಯಲ್ಲಿ ತಟ್ಟೆಗೆ ಕೈ ಹಾಕುವುದೂ ಹುತ್ತಕ್ಕೆ ಕೈ ಹಾಕುವುದೂ ಹೆಚ್ಚುಕಡಿಮೆ ಒಂದೇ ಆಗಿತ್ತು.

ಎಂಬತ್ತರ ದಶಕ ಆಗತಾನೇ ಕಣ್ಣು ಬಿಡುತ್ತಿದ್ದ ಕಾಲ. ಲಗ್ಗೆರೆಯಲ್ಲಿ ಮನೆಗಳಿಗಿಂತ ರಾಗಿ ಹೊಲಗಳೇ ಹೆಚ್ಚು. ಇದ್ದ ಮನೆಗಳವರೂ ಪೀಣ್ಯದ ಯಾವುದೋ ಕಾರ್ಖಾನೆಯ ಒಂದು ಸೈರನ್ನಿಗೆ ಏಳುತ್ತ, ಇನ್ನೊಂದು ಸೈರನ್ನಿಗೆ ಉಣ್ಣುತ್ತ ಇದ್ದವರು. ನನ್ನ ಮಾವನವರು ಸರ್ಕಾರಿ ಕಾರ್ಖಾನೆಯೊಂದರ ಪ್ಯಾಟರ್ನ್ ಶಾಪಿನಲ್ಲಿದ್ದರು. ಕಬ್ಬಿಣದ ಯಾವುದೇ ಭಾಗವನ್ನು ಎರಕ ಹೊಯ್ಯಬೇಕಾದರೆ ಮೊದಲು ಅದೇ ಆಕಾರದ ಮಾದರಿಯನ್ನು ಮರದಲ್ಲಿ ಮಾಡಿಕೊಳ್ಳುತ್ತಾರೆ. ಅದನ್ನು ಮರಳಿನಲ್ಲಿ ಒತ್ತಿ ಅಚ್ಚು ತೆಗೆದು, ಆ ಹಳ್ಳದೊಳಗೆ ಕರಗಿದ ಕಬ್ಬಿಣ ಸುರಿಯುತ್ತಾರೆ. ಆ ಮರದ ಮಾದರಿ ಮಾಡುವುದು ಮಾವನವರ ಕೆಲಸ. ಮರದೊಂದಿಗೆ ಅವರಿಗೆ ಎಂಥ ಸಲಿಗೆಯೆಂದರೆ, ಯಾರ ಮನೆಗೆ ಹೋದರೂ ಕೂರುವ ಮೊದಲು ಕುರ್ಚಿಯನ್ನು ಎರಡು ಬೆರಳಲ್ಲಿ ಚೂರು ಎತ್ತಿ ನೋಡಿ, “ಇದು ತೇಗ ಅಲ್ಲ ಕಣ್ರೀ, ಹೊನ್ನೆ. ನಿಮಗೆ ಚೆನ್ನಾಗಿ ಟೋಪಿ ಹಾಕಿದಾನೆ” ಎಂದು ತೀರ್ಪು ಕೊಟ್ಟುಬಿಡುತ್ತಿದ್ದರು. ಆಮೇಲೆ ಆ ಮನೆಯಲ್ಲಿ ಬರುತ್ತಿದ್ದ ಕಾಫಿ ಸ್ವಲ್ಪ ನೀರಾಗಿಯೇ ಇರುತ್ತಿತ್ತು.

ತಮಾಷೆ ಅವರ ಮನೆತನದ ಪಿತ್ರಾರ್ಜಿತ. ಹೊಲ ಗದ್ದೆ ಎಂದು ಬೇರೇನೂ ಕೈಗೆ ಬಾರದೆ ಹೋದದ್ದರಿಂದ ಇದೊಂದನ್ನಾದರೂ ಹಾಳುಗೆಡವದೆ ನೋಡಿಕೊಂಡಿದ್ದರು. ಮಾವನವರ ತಂದೆ ಮದುವೆ ಮನೆಗಳಲ್ಲಿ ಬೀಗರ ಎಲೆಗೆ ಹತ್ತಿ ತುಂಬಿದ ಬೋಂಡ ಬಡಿಸಿ, ಅವರು ಜಗಿಯುತ್ತಾ ಜಗಿಯುತ್ತಾ ಕಕ್ಕಾಬಿಕ್ಕಿಯಾಗುವುದನ್ನು ಭಕ್ತಿಯಿಂದ ನೋಡುತ್ತಿದ್ದರಂತೆ. ಮಗ ಕಾರ್ಖಾನೆ ಸೇರಿದ್ದರಿಂದ ಆ ಕಲೆಗೆ ಕೈಗಾರಿಕೆಯ ಬಲ ಬಂತು. ಅತ್ತೆಯವರು ಮಾಡಿದ ಒಂದು ಕೋಡುಬಳೆಯನ್ನು ಎದುರಿಗಿಟ್ಟುಕೊಂಡು, ಅಳತೆ ಹಿಡಿದು, ಮಾವನವರು ಒಂದು ತುಂಡು ತೇಗದಲ್ಲಿ ಅದರ ತದ್ರೂಪವನ್ನು ಕೆತ್ತಿದರು. ಎಣ್ಣೆ ಸವರಿ ಸವರಿ ಅದಕ್ಕೆ ಹದವಾಗಿ ಕರಿದ ಕೆಂಪು ಬಂತು. ಎರಡು ತುದಿ ಕೂಡಿಸುವಾಗ ಅತ್ತೆಯ ಹೆಬ್ಬೆರಳು ಒತ್ತಿದ ಗುಳಿ ಕೂಡ ಅದರಲ್ಲಿತ್ತು. ಅತ್ತೆಯ ಕೋಡುಬಳೆಗೂ ಇದಕ್ಕೂ ಗಡಸುತನದಲ್ಲಿ ಅಂಥ ವ್ಯತ್ಯಾಸವೇನಿಲ್ಲ ಎಂಬುದು ನಮ್ಮ ಯಜಮಾನರ ಅಭಿಪ್ರಾಯ. ಅದನ್ನು ಅವರು ಅಡುಗೆಮನೆಗೆ ಕೇಳದ ದೂರದಲ್ಲಿ ಮಾತ್ರ ಹೇಳುತ್ತಿದ್ದರು.

ಇದಕ್ಕೆ ನಿಯಮಗಳಿದ್ದವು. ಪ್ರತಿ ಗೋಕುಲಾಷ್ಟಮಿಯ ತಟ್ಟೆಯಲ್ಲಿ ಮರದ ಕೋಡುಬಳೆ ನಿಜವಾದವುಗಳ ನಡುವೆ ಅಡಗಿರಬೇಕು. ಕಚ್ಚಿ ಮೋಸ ಹೋದವರು ಅದನ್ನು ಜೋಪಾನವಾಗಿ ಇಟ್ಟುಕೊಂಡು ಮುಂದಿನ ಸಲ ಬೇರೊಬ್ಬರಿಗೆ ದಾಟಿಸಬೇಕು. ಹಲ್ಲು ಬೀಳುತ್ತಿರುವ ಮಕ್ಕಳಿಗೆ, ಬಸುರಿಯರಿಗೆ, ಕಟ್ಟಿಸಿಕೊಂಡ ಹಲ್ಲಿನವರಿಗೆ, ಮನಸ್ಸಿಗೆ ಬೇಸರವಿರುವವರಿಗೆ ಅದನ್ನು ಕೊಡಕೂಡದು. ದೇವರ ಮುಂದಿಡುವ ತಟ್ಟೆಯಲ್ಲಂತೂ ಕೂಡದು ಎಂಬುದು ಅತ್ತೆಯವರು ಸೇರಿಸಿದ ತಿದ್ದುಪಡಿ. “ಕೃಷ್ಣನಿಗೆ ಇಷ್ಟ ಆಗ್ತಿತ್ತು ಕಣೇ, ಅವನೇನು ಕಮ್ಮಿನಾ” ಎಂದು ಮಾವ ವಾದಿಸಿದ್ದರಂತೆ. “ಅವನಿಗೆ ಇಷ್ಟ ಆಗ್ಬಹುದು. ನನಗೆ ಆಗಲ್ಲ” ಎಂದು ಅತ್ತೆ ಚರ್ಚೆ ಮುಗಿಸಿದರು.

ಈ ಕೋಡುಬಳೆ ಒಮ್ಮೆ ಮಾತ್ರ ಸೋತಿತ್ತು. ಹಾಲು ಹಾಕುವ ಮುನಿಯಮ್ಮನ ಸೆರಗಿಗೆ ಯಾರೋ ಹಬ್ಬದ ತಿಂಡಿಯೊಂದಿಗೆ ಇದನ್ನೂ ಹಾಕಿದರು. ಮಾರನೆಯ ದಿನ ಮನೆಮಂದಿಯೆಲ್ಲ ಬಾಗಿಲಲ್ಲಿ ನಿಂತು ಅವಳ ಮುಖ ಕಾಯುತ್ತಿದ್ದರೆ, ಮುನಿಯಮ್ಮ ಹಾಲು ಅಳೆದು ಹಾಕಿ, ತಣ್ಣಗೆ, “ಅವ್ವಾ, ಆ ಕೆಂಪನೇದು ಇನ್ನೊಂದು ಐತಾ? ಮೊಮ್ಮಗೂಗೆ ಅಲ್ಲು ಬತ್ತಾ ಐತೆ. ಎಷ್ಟು ಕಡುದ್ರೂ ಸವೆಯಾಕಿಲ್ಲ, ಇಂಗಿರ್ಬೇಕು ತಿಂಡಿ ಅಂದ್ರೆ” ಎಂದಳಂತೆ. ಆ ಮಗುವಿನ ಬಾಯಿಂದ ಅದನ್ನು ವಾಪಸು ಪಡೆಯುವುದಕ್ಕೆ ಮಾವನವರು ತೇಗದಲ್ಲೇ ಒಂದು ಗಿಲಕಿ ಮಾಡಿಕೊಡಬೇಕಾಯಿತು. ಮಗುವಿನ ಹಲ್ಲಿನ ಎರಡು ಸಣ್ಣ ಗುರುತು ಕೋಡುಬಳೆಯ ಮೇಲೆ ಉಳಿದು ಅದಕ್ಕೆ ಇನ್ನಷ್ಟು ನಿಜದ ಕಳೆ ಬಂತು.

ನಾನು ಇಂಥ ಮನೆಗೆ ಬಂದದ್ದು ಮಾಕಳಿಯಿಂದ. ನನ್ನ ತಂದೆ ಶಾಲೆಯ ಮೇಷ್ಟ್ರು. ನಗುವುದಕ್ಕೆ ನಮ್ಮ ಮನೆಯಲ್ಲಿ ನಿಷೇಧವೇನೂ ಇರಲಿಲ್ಲ, ಆದರೆ ನಕ್ಕವರು ಏಕೆ ನಕ್ಕೆವೆಂದು ಸಕಾರಣ ವಿವರಿಸಬೇಕಿತ್ತು. ವಿವರಿಸುವ ಹೊತ್ತಿಗೆ ನಗು ಹೊರಟುಹೋಗಿರುತ್ತಿತ್ತು. ಮದುವೆಯಾದ ವರ್ಷದ ಅಷ್ಟಮಿಗೆ ನನ್ನ ನಾದಿನಿ ಪದ್ಮ ತಟ್ಟೆ ಹಿಡಿದು, “ತಗೊಳ್ಳಿ ಅತ್ತಿಗೆ, ನಾಚ್ಕೋಬೇಡಿ” ಎಂದಾಗ ನಾನು ನಾಚಿಕೊಳ್ಳದೆ ದೊಡ್ಡದೊಂದನ್ನು ಎತ್ತಿ ಬಲವಾಗಿ ಕಚ್ಚಿದೆ. ಮನೆಯೆಲ್ಲ ಹೋ ಎಂದಿತು. ನಾನು ಅತ್ತುಬಿಟ್ಟೆ.

ಅತ್ತದ್ದು ಏಕೆ ಎಂದರೆ ಇವತ್ತಿಗೂ ನಿಖರವಾಗಿ ಹೇಳಲಾರೆ. ಹಲ್ಲು ನೋಯಲಿಲ್ಲ. ಎಲ್ಲರಿಗೂ ಗೊತ್ತಿದ್ದದ್ದು ನನಗೊಬ್ಬಳಿಗೇ ಗೊತ್ತಿರಲಿಲ್ಲವಲ್ಲ ಎಂಬುದು ಎಲ್ಲೋ ಚುಚ್ಚಿತು. ಹೊರಗಿನವಳೆಂದು ಎಲ್ಲರೂ ಸೇರಿ ಬೆರಳು ಮಾಡಿ ತೋರಿಸಿದಂತಾಯಿತು. ನಗು ನಿಂತುಹೋಯಿತು. ಪದ್ಮನ ಮುಖ ಬಾಡಿತು. ಮಾವನವರು ಎದ್ದು ನನ್ನ ಹತ್ತಿರ ಬಂದು, “ತಪ್ಪು ತಿಳೀಬೇಡ ತಾಯಿ. ಇನ್ಮೇಲೆ ಈ ಆಟ ಬೇಡ, ಬಿಟ್ಬಿಡೋಣ” ಎಂದರು.

ಬಿಟ್ಟೂಬಿಟ್ಟರು. ಕೋಡುಬಳೆ ನನ್ನ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಮಲಗಿತು. ಮನೆಯವರೆಲ್ಲ ನನ್ನೊಂದಿಗೆ ಬಹಳ ನಯವಾಗಿ ನಡೆದುಕೊಳ್ಳತೊಡಗಿದರು. ನಾನು ನಡುಮನೆಗೆ ಬಂದರೆ ನಗುತ್ತಿದ್ದವರು ಮಾತಿನ ವರಸೆ ಬದಲಿಸುತ್ತಿದ್ದರು. ಪದ್ಮ ಅಣ್ಣನ ಚಪ್ಪಲಿ ಬಚ್ಚಿಡುವುದನ್ನು ನಿಲ್ಲಿಸಿದಳು. ಮಾವ ಊಟಕ್ಕೆ ಕೂತಾಗ ಉಪ್ಪಿನ ಬಗ್ಗೆ ಕೂಡ ತಮಾಷೆ ಮಾಡುತ್ತಿರಲಿಲ್ಲ. ಮನೆಗೆ ಬಂದ ನೆಂಟರನ್ನು ಹೇಗೆ ನೋಡಿಕೊಳ್ಳುತ್ತಾರೋ ಹಾಗೆ ನನ್ನನ್ನು ನೋಡಿಕೊಂಡರು. ನೆಂಟಳಿಗಾದರೆ ಹೊರಡುವ ದಿನವೊಂದು ಇರುತ್ತದೆ, ನನಗೆ ಅದೂ ಇರಲಿಲ್ಲ. ಮೋಸ ಹೋಗುವುದಕ್ಕಿಂತ ಹೆಚ್ಚಿನ ಅವಮಾನ ಮೋಸ ಮಾಡಲು ಯಾರೂ ಬಾರದೆ ಇರುವುದು ಎಂದು ನನಗೆ ಆಗ ತಿಳಿಯಿತು. ಆಟವನ್ನು ಮತ್ತೆ ಶುರು ಮಾಡುವುದು ನಿಯಮದ ಪ್ರಕಾರ ಕೋಡುಬಳೆ ಇರುವವರ ಕೈಯಲ್ಲಿತ್ತು. ಅದು ಇದ್ದದ್ದು ನನ್ನ ಬಳಿ.

ಹಾಗಾದರೆ ಯಾರಿಗೆ ದಾಟಿಸುವುದು? ಇಲ್ಲಿಂದ ನನ್ನ ಕುತೂಹಲದ ಕಥೆ. ಯಜಮಾನರನ್ನು ಮೆಲ್ಲಗೆ ಕೇಳಿದಾಗ ತಿಳಿದದ್ದು, ಆ ಮನೆಯಲ್ಲಿ ಎಲ್ಲರೂ ಒಂದಲ್ಲ ಒಂದು ಸಲ ಸಿಕ್ಕಿಬಿದ್ದಿದ್ದರು, ಮಾವನವರೊಬ್ಬರನ್ನು ಬಿಟ್ಟು. ಅತ್ತೆಯವರೇ ಎಷ್ಟೋ ಸಲ ಪ್ರಯತ್ನಿಸಿ ಕೈಚೆಲ್ಲಿದ್ದರು. “ನಮ್ಮಪ್ಪ ಯಾವಾಗ್ಲೂ ಚಿಕ್ಕದನ್ನೇ ತಗೊಳ್ಳೋದು. ಆಸೆ ಕಮ್ಮಿ ಅವರಿಗೆ” ಎಂದು ಯಜಮಾನರು ಭಕ್ತಿಯಿಂದ ಹೇಳಿದರು. ಮಿತಾಹಾರಿ, ಅಲ್ಪತೃಪ್ತ ಎಂದು ನೆಂಟರಿಷ್ಟರಲ್ಲೂ ಮಾವನವರಿಗೆ ಹೆಸರಿತ್ತು. ನನಗೇಕೋ ಅನುಮಾನ. ಹೋಳಿಗೆಯ ದಿನ ಈ ಮಿತಾಹಾರ ಎಲ್ಲಿ ಹೋಗುತ್ತಿತ್ತೆಂದು ನಾನು ಕಣ್ಣಾರೆ ನೋಡಿದ್ದೆ. ನಿಸ್ಪೃಹತೆ ಕೋಡುಬಳೆಯ ಎದುರಿಗೆ ಮಾತ್ರ ಬರುವುದಾದರೆ ಅದಕ್ಕೊಂದು ಕಾರಣ ಇರಲೇಬೇಕಲ್ಲ?

ಕಾರಣ ಸಿಕ್ಕಿದ್ದು ಅಡುಗೆಮನೆಯ ಗೂಡಿನಲ್ಲಿ. ಗೂಡಿಗೆ ಹಾಸುವ ಕಾಗದ ಕತ್ತರಿಸಲು ಒಂದು ದಿನ ಮಾವನವರ ಪೆಟ್ಟಿಗೆಯಿಂದ ಅವರ ಉದ್ದನೆಯ ಉಕ್ಕಿನ ಸ್ಕೇಲು ತೆಗೆದುಕೊಂಡೆ. ಗೂಡಿನ ಅಗಲ ಪದ್ಮನ ಸ್ಕೇಲಿನಲ್ಲಿ ಅಳೆದದ್ದು, ಕಾಗದ ಮಾವನವರ ಸ್ಕೇಲಿನಲ್ಲಿ ಅಳೆದದ್ದು. ಎಷ್ಟು ಸಲ ಹಾಸಿದರೂ ಕಾಗದದ ಅಂಚು ಗೋಡೆಗೆ ತಾಗಿ ಮಡಿಚಿಕೊಳ್ಳುತ್ತದೆ. ಎರಡು ಸ್ಕೇಲುಗಳನ್ನೂ ಪಕ್ಕಪಕ್ಕ ಇಟ್ಟು ನೋಡುತ್ತೇನೆ, ಒಂದಡಿಗೆ ಇನ್ನೊಂದು ಅಡಿ ಸಮವಿಲ್ಲ! ಮಾವನವರ ಅಡಿ ಚೂರು ಉದ್ದ. ಕಾರ್ಖಾನೆಯಿಂದ ಬಂದು ಸೈಕಲ್ ನಿಲ್ಲಿಸುತ್ತಿದ್ದವರನ್ನು ಅಲ್ಲೇ ತಡೆದು, “ಮಾವಾ, ನಿಮ್ಮ ಸ್ಕೇಲು ಸುಳ್ಳು ಹೇಳತ್ತೆ” ಎಂದೆ. ಅಷ್ಟು ತಿಂಗಳಲ್ಲಿ ನಾನಾಗಿ ಅವರೊಂದಿಗೆ ಆಡಿದ ಮೊದಲ ಮಾತು ಅದೇ ಇರಬೇಕು.

ಅವರ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. “ಸುಳ್ಳಲ್ಲಮ್ಮಾ, ಮುಂದಾಲೋಚನೆ ಅದು!” ಎಂದು ಸೈಕಲ್ಲಿಗೆ ಒರಗಿಕೊಂಡೇ ಪಾಠ ಶುರು ಮಾಡಿದರು. ಕಾದ ಕಬ್ಬಿಣ ಆರುವಾಗ ಕುಗ್ಗುತ್ತದೆ. ಮಾದರಿಯನ್ನು ಸರಿಯಾದ ಅಳತೆಗೇ ಮಾಡಿದರೆ ಎರಕ ಚಿಕ್ಕದಾಗಿ ಬರುತ್ತದೆ. ಆದ್ದರಿಂದ ಕುಗ್ಗುವುದನ್ನು ಮೊದಲೇ ಲೆಕ್ಕ ಹಿಡಿದು, ಮಾದರಿ ಮಾಡುವವರ ಸ್ಕೇಲಿನಲ್ಲೇ ಅಡಿಯನ್ನು ಹಿಗ್ಗಿಸಿರುತ್ತಾರೆ. “ಅಷ್ಟೇ ಸಾಲಲ್ಲ. ಆಮೇಲೆ ಮೆಷಿನ್ನಲ್ಲಿ ಕೊರೆದು ನಯ ಮಾಡ್ತಾರಲ್ಲ, ಅದಕ್ಕೆ ಅಂತ ಸುತ್ತ ಇನ್ನೊಂದಿಷ್ಟು ದಪ್ಪ ಬಿಡಬೇಕು. ನನಗೆ ಈಗ ಕೈಯೇ ಬಿಟ್ಕೊಂಡುಬಿಡತ್ತೆ, ಯೋಚ್ನೆ ಮಾಡೋ ಹಾಗೇ ಇಲ್ಲ.”

ಕೈಯೇ ಬಿಟ್ಟುಕೊಂಡುಬಿಡುತ್ತದೆ! ನಾನು ನೆಟ್ಟಗೆ ಕೋಣೆಗೆ ಹೋಗಿ ಟ್ರಂಕು ತೆರೆದೆ. ತೇಗದ ಕೋಡುಬಳೆಯನ್ನು ಅಂಗೈಯಲ್ಲಿಟ್ಟು ನೋಡಿದೆ. ಅತ್ತೆಯ ಕೋಡುಬಳೆಗಿಂತ ಅದು ಹೌದೋ ಅಲ್ಲವೋ ಎಂಬಷ್ಟು ಅಗಲ, ಖಂಡಿತವಾಗಿ ದಪ್ಪ. ಪುಣ್ಯಾತ್ಮರು ತಿಂಡಿಯ ಅಳತೆ ಹಿಡಿದವರು, ಅಭ್ಯಾಸಬಲದಿಂದ ಅದಕ್ಕೂ ಕುಗ್ಗುವ ಪಾಲು, ಕೊರೆಯುವ ಪಾಲು ಸೇರಿಸಿ, ಕಬ್ಬಿಣದಲ್ಲಿ ಕೋಡುಬಳೆ ಎರಕ ಹೊಯ್ಯುವುದಕ್ಕೆ ಬೇಕಾದ ಮಾದರಿಯನ್ನು ಮಾಡಿಟ್ಟಿದ್ದರು. ಆ ತಪ್ಪೇ ಆಟದ ಮರ್ಮವಾಯಿತು. ತಟ್ಟೆಯಲ್ಲಿ ಅದು ಯಾವತ್ತೂ ದೊಡ್ಡವುಗಳಲ್ಲೊಂದು, ಆಸೆಬುರುಕ ಕೈಗಳು ತಾವಾಗಿ ಅದರತ್ತ ಹೋಗುತ್ತಿದ್ದವು. ತಮ್ಮ ತಪ್ಪು ತಮಗೆ ಗೊತ್ತಿದ್ದ ಮಾವನವರು ಅಲ್ಪತೃಪ್ತಿಯ ಕೀರ್ತಿಯನ್ನು ಹೊದ್ದುಕೊಂಡು ಚಿಕ್ಕದನ್ನು ಎತ್ತಿ ಪಾರಾಗುತ್ತಿದ್ದರು.

ಗುಟ್ಟು ತಿಳಿಯಿತು, ಧೈರ್ಯ ಬರಲಿಲ್ಲ. ಮಾವನಿಗೆ ಮರ ತಿನ್ನಿಸುವ ಸೊಸೆಯ ವಿಷಯ ಮಾಕಳಿಗೆ ಮುಟ್ಟಿದರೆ ನನ್ನ ತಂದೆ ಅದಕ್ಕೆ ಸಕಾರಣ ವಿವರಣೆ ಕೇಳದೆ ಬಿಡುವವರಲ್ಲ. ಮುಂದಿನ ವರ್ಷ ನೋಡೋಣ, ಅದರ ಮುಂದಿನ ವರ್ಷ ನೋಡೋಣ ಎಂದುಕೊಳ್ಳುತ್ತಿರುವಾಗಲೇ ಮಾವನವರಿಗೆ ಹಲ್ಲುನೋವು ಬಂತು. ಹಬ್ಬ ಕಳೆದ ಮೇಲೆ ಎಲ್ಲವನ್ನೂ ಕಿತ್ತು ಹೊಸ ಸೆಟ್ಟು ಕಟ್ಟಿಸಬೇಕೆಂದು ಹಲ್ಲಿನ ಡಾಕ್ಟರು ಹೇಳಿದರು. ನಿಯಮ ನಿಮಗೆ ನೆನಪಿರಬಹುದು: ಕಟ್ಟಿಸಿಕೊಂಡ ಹಲ್ಲಿನವರಿಗೆ ಕೊಡಕೂಡದು. ಅಂದರೆ ಈ ಅಷ್ಟಮಿಯೇ ಕೊನೆಯದು. ಇದು ತಪ್ಪಿದರೆ ಮಾವನವರು ಅಜೇಯರಾಗಿ ಉಳಿಯುತ್ತಾರೆ. ಕೋಡುಬಳೆ ಟ್ರಂಕಿನಲ್ಲೇ ಉಳಿಯುತ್ತದೆ. ನಾನು ನೆಂಟಳಾಗಿಯೇ ಉಳಿಯುತ್ತೇನೆ. “ಯಾವ ಕಡೆ ಹಲ್ಲು ಮಾವ ನೋಯೋದು?” ಎಂದು ಕಾಳಜಿಯಿಂದ ವಿಚಾರಿಸಿಕೊಂಡೆ. ಬಲಗಡೆಯಂತೆ, ಎಡಗಡೆಯಲ್ಲಿ ಕಬ್ಬು ಬೇಕಾದರೂ ಸಿಗಿಯಬಲ್ಲರಂತೆ. ಕಾಳಜಿ ನಿಜವಾದದ್ದೇ ಎಂದು ಇಲ್ಲಿ ಸ್ಪಷ್ಟಪಡಿಸುತ್ತೇನೆ.

ಉಪಾಯ ತೀರಾ ಸರಳ. ಅವರು ಚಿಕ್ಕದನ್ನು ಎತ್ತುತ್ತಾರೆ. ಮರದ್ದನ್ನು ಚಿಕ್ಕದು ಮಾಡಲಾಗದು, ಆದರೆ ಉಳಿದದ್ದನ್ನೆಲ್ಲ ದೊಡ್ಡದು ಮಾಡಬಹುದಲ್ಲ! ಆ ವರ್ಷ ಹಿಟ್ಟು ಹೊಸೆಯುವ ಕೆಲಸ ನಾನೇ ಕೇಳಿ ತೆಗೆದುಕೊಂಡೆ. ಮಣೆಯ ಮೇಲೆ ಒಂದೊಂದನ್ನೂ ಹೆಬ್ಬೆರಳ ದಪ್ಪಕ್ಕೆ ಹೊಸೆದು ಬಳೆ ಸುತ್ತಿದೆ. ಬಾಣಲೆಯ ಮುಂದೆ ಕೂತಿದ್ದ ಅತ್ತೆ ಒಮ್ಮೆ ನೋಡಿದರು, ಎರಡು ಸಲ ನೋಡಿದರು.

“ಇಷ್ಟ್ ದಪ್ಪ ಆದ್ರೆ ಒಳಗೆ ಬೇಯಲ್ಲ ಕಣೇ.”

“ಪರವಾಗಿಲ್ಲ ಅತ್ತೆ.”

ಅವರು ನನ್ನ ಮುಖವನ್ನು, ಮಣೆಯನ್ನು, ಮತ್ತೆ ನನ್ನ ಮುಖವನ್ನು ನೋಡಿದರು. ಆಮೇಲೆ ಸ್ಟೌವಿನ ಉರಿ ಸಣ್ಣಗೆ ಮಾಡಿದರು. ದಪ್ಪದ್ದು ಬೇಯಬೇಕಾದರೆ ಉರಿ ಸಣ್ಣಗಿರಬೇಕು. ಮದುವೆಯಾದಾಗಿನಿಂದ ಅವರು ಕಾಯುತ್ತಿದ್ದ ದಿನವದು ಎಂದು ನನಗೆ ಆ ಉರಿ ನೋಡಿಯೇ ಗೊತ್ತಾಯಿತು.

ಸಂಜೆ ನಡುಮನೆಯಲ್ಲಿ ಎಲ್ಲರೂ ಕೂತಿದ್ದರು. ತಟ್ಟೆ ಹಿಡಿದು ನಾನೇ ಹೋದೆ. ತಟ್ಟೆಯಲ್ಲಿ ಕೋಡುಬಳೆಗಳು ಒಂದಕ್ಕೊಂದು ತಾಗಿ ಗಲಗಲ ಎನ್ನುತ್ತಿದ್ದವು. ಮಾವನವರ ಕೈ ತಟ್ಟೆಯ ಮೇಲೆ ಒಂದು ಗಳಿಗೆ ನಿಂತಿತು. “ಏನಮ್ಮಾ ಇದು, ಎಲ್ಲಾ ಎತ್ತಿನ ಕೊರಳಿಗೆ ಹಾಕೋ ಹಾಗಿದೆ” ಎನ್ನುತ್ತ ಎಲ್ಲಕ್ಕಿಂತ ಚಿಕ್ಕದನ್ನು ಎತ್ತಿಕೊಂಡರು. ಎತ್ತಿಕೊಂಡವರು ತಕ್ಷಣ ಬಾಯಿಗಿಡಲಿಲ್ಲ. ಅದನ್ನು ಬೆರಳಲ್ಲೇ ಹಿಡಿದು ಕಿಟಕಿಯ ಕಡೆ ನೋಡುತ್ತ ಹಬ್ಬದ ಬಿಸಿಲು ಮಳೆಯ ಬಗ್ಗೆ ಏನೋ ಒಂದು ಮಾತು ಆಡಿದರು. ಆಮೇಲೆ ಎಡಗಡೆ ದವಡೆಗೆ ಕೊಟ್ಟು ಕಟ್ ಎಂದು ಕಚ್ಚಿದರು.

ಪದ್ಮನ ಕೈ ಬಾಯಿಗೆ ಹೋಗಿತ್ತು. ನನಗೆ ಮಾಕಳಿಯ ಬಸ್ಸು ಎಷ್ಟು ಹೊತ್ತಿಗಿದೆ ಎಂದು ಯೋಚನೆ. ಮಾವನವರು ಅದನ್ನು ಬಾಯಿಂದ ತೆಗೆದು, ಕನ್ನಡಕ ಹಾಕಿಕೊಂಡು ತಿರುಗಿಸಿ ನೋಡಿದರು. ಪಕ್ಕದಲ್ಲಿ ನಿಜವಾದದ್ದೊಂದನ್ನು ಇಟ್ಟು ಹೋಲಿಸಿದರು. ಆಮೇಲೆ ನನ್ನ ಕಡೆ ತಿರುಗಿ, ಶಾಪಿನಲ್ಲಿ ಜೊತೆಗಾರನನ್ನು ಕೇಳುವ ಗಂಭೀರ ದನಿಯಲ್ಲಿ, “ದಪ್ಪ ಎಷ್ಟು ಬಿಟ್ಟೆ?” ಎಂದರು.

“ಹೆಬ್ಬೆರಳಷ್ಟು, ಮಾವ.”

ನಿಜವಾದದ್ದನ್ನು ಮುರಿದು ಒಳಗೆ ನೋಡಿದರು. “ಜಾಸ್ತಿ ಆಯ್ತು. ನಡುವೆ ಹಸೀನೇ ಇದೆ ನೋಡು. ಮುಂದಿನ ಸಲ ಸ್ವಲ್ಪ ಕಮ್ಮಿ ಮಾಡ್ಕೋ.”

ಮೊದಲು ನಕ್ಕವರು ಅತ್ತೆ. ಅಡುಗೆಮನೆಯ ಬಾಗಿಲು ಹಿಡಿದುಕೊಂಡು, ಸೆರಗು ಬಾಯಿಗಿಟ್ಟು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. “ಸಿಕ್ಕಿಬಿದ್ರಾ! ಕೊನೆಗೂ ಸಿಕ್ಕಿಬಿದ್ರಾ!” ಎನ್ನುತ್ತ ಮತ್ತೆ ನಕ್ಕರು. ಆಮೇಲೆ ಯಾರು ಯಾವಾಗ ನಗುವುದು ನಿಲ್ಲಿಸಿದರೋ ನನಗೆ ನೆನಪಿಲ್ಲ. ನಾನಂತೂ ಏಕೆ ನಗುತ್ತಿದ್ದೇನೆಂದು ಯಾರಿಗೂ ವಿವರಿಸಬೇಕಾಗಲಿಲ್ಲ. ಮಾರನೆಯ ದಿನ ನನ್ನ ಚಪ್ಪಲಿ ಕಾಣೆಯಾಗಿ, ಹುಡುಕಿ ಹುಡುಕಿ ಕಡೆಗೆ ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಸಿಕ್ಕಿತು. ಅಷ್ಟು ಸಂತೋಷದಿಂದ ನಾನು ಇನ್ನಾವ ಚಪ್ಪಲಿಯನ್ನೂ ಮೆಟ್ಟಿಕೊಂಡಿಲ್ಲ.

ಮಾವನವರು ಹಲ್ಲು ಕಟ್ಟಿಸಿಕೊಂಡರು, ನಿವೃತ್ತರಾದರು, ಕೋಡುಬಳೆಯನ್ನು ಪದ್ಮನ ಗಂಡನಿಗೆ ವಿಧಿವತ್ತಾಗಿ ದಾಟಿಸಿದರು. ಆಮೇಲೆ ಅದು ಯಾರ್‍ಯಾರ ಮನೆಯ ಯಾವ್ಯಾವ ಟ್ರಂಕು, ಬೀರುಗಳಲ್ಲಿ ವನವಾಸ ಮಾಡಿತೋ. ಮಾವನವರೂ ಅತ್ತೆಯವರೂ ಈಗಿಲ್ಲ. ರಾಗಿ ಹೊಲವೂ ಇಲ್ಲ, ಸೈರನ್ನೂ ಇಲ್ಲ. ಪ್ರೀತಿಗಾಗಲಿ ನಗೆಗಾಗಲಿ ಆರುವಾಗ ಕುಗ್ಗುವ ಗುಣ ಇರುವುದರಿಂದ ಮಾಡುವಾಗಲೇ ಒಂದಿಷ್ಟು ದೊಡ್ಡದಾಗಿ ಮಾಡಬೇಕು ಎಂದು ನಾನು ಮಕ್ಕಳಿಗೆ ಉಪದೇಶ ಮಾಡಲು ಹೋಗಿ, “ಅಮ್ಮಾ, ಶುರು ಮಾಡಿದ್ಯಾ?” ಎನ್ನಿಸಿಕೊಂಡಿದ್ದೇನೆ. ಅಷ್ಟಾದರೂ ಒಂದು ವಿಷಯದಲ್ಲಿ ನನ್ನ ಬಗ್ಗೆ ನನಗೆ ಹೆಮ್ಮೆಯಿತ್ತು: ಯಾರೂ ಗೆಲ್ಲದವರನ್ನು ನಾನು ಗೆದ್ದೆ.

ಆ ಹೆಮ್ಮೆ ಇದ್ದದ್ದು ಈ ಸಲದ ಅಷ್ಟಮಿಯವರೆಗೆ. ನನ್ನ ಮಗನ ಹೆಂಡತಿ ಕವಿತಾ ಮಾತು ಕಡಿಮೆಯ ಹುಡುಗಿ. ಹೋದ ವರ್ಷ ಬಂದವಳು, ಇನ್ನೂ ನನ್ನೆದುರು ಕುರ್ಚಿಯ ಅಂಚಿನಲ್ಲೇ ಕೂರುತ್ತಾಳೆ. ತಟ್ಟೆ ಹಿಡಿದು ಬಂದಳು. ನನ್ನ ಕೈ ಎಲ್ಲರ ಕೈಯಂತೆ ಒಂದು ಗಳಿಗೆ ಗಾಳಿಯಲ್ಲಿ ನಿಂತಿತು. ದೊಡ್ಡದು ಚಿಕ್ಕದು ಎಂದು ಆರಿಸುವಂತಿರಲಿಲ್ಲ, ಎಲ್ಲವೂ ಸಮ. ಹುಡುಗಿ ಎಂಥದೋ ಅಚ್ಚು ಇಟ್ಟುಕೊಂಡೇ ಮಾಡಿರಬೇಕು. ಹತ್ತಿರದ್ದೊಂದನ್ನು ಎತ್ತಿಕೊಂಡೆ.

ಎತ್ತಿದೊಡನೆ ಬೆರಳಿಗೆ ತಿಳಿಯಿತು. ಕರಿದ ಹಿಟ್ಟಿಗೆ ಇಷ್ಟು ತೂಕವಿರುವುದಿಲ್ಲ. ಮುನಿಯಮ್ಮನ ಮೊಮ್ಮಗುವಿನ ಹಲ್ಲಿನ ಗುರುತುಗಳೆರಡೂ ಹೆಬ್ಬೆರಳಿಗೆ ಸಿಕ್ಕವು. ಮರದ ಗಂಧವೇ ಅರಿಯದ ನನ್ನ ಬೆರಳಿಗೇ ತಿಳಿಯಿತಲ್ಲ ಎಂದುಕೊಂಡೆ. ಹಾಗೆಂದುಕೊಂಡ ಮರುಗಳಿಗೆಯೇ, ಕುರ್ಚಿಯನ್ನು ಎರಡು ಬೆರಳಲ್ಲಿ ಎತ್ತಿ ತೇಗವೋ ಹೊನ್ನೆಯೋ ಹೇಳುತ್ತಿದ್ದವರು ಕಿಟಕಿಯ ಕಡೆ ನೋಡುತ್ತ ಆಡಿದ ಬಿಸಿಲು ಮಳೆಯ ಮಾತು ನೆನಪಿಗೆ ಬಂತು.

ಕವಿತಾ ತಲೆಯ ಮೇಲಿನ ಫ್ಯಾನನ್ನು ಜೀವಮಾನದಲ್ಲಿ ಮೊದಲ ಸಲ ನೋಡುವವಳಂತೆ ನೋಡುತ್ತ ನಿಂತಿದ್ದಳು. ತಟ್ಟೆಯಲ್ಲಿ ಕೋಡುಬಳೆಗಳು ಗಲಗಲ ಎನ್ನುತ್ತಿದ್ದವು. “ಈ ಸಲ ಮಳೆ ಹಿಡಿದುಕೊಂಡುಬಿಡ್ತು, ಅಲ್ಲೇನೇ ಕವಿತಾ?” ಎಂದು ಕಿಟಕಿಯ ಕಡೆ ನೋಡಿದೆ. ಹಲ್ಲುಗಳಿನ್ನೂ ನನ್ನವೇ ಇವೆ, ನಿಯಮಕ್ಕೆ ಭಂಗವಿಲ್ಲ. ಎಡಗಡೆ ದವಡೆಗೆ ಕೊಟ್ಟು, ಆಚೆ ಮನೆಗೂ ಕೇಳುವ ಹಾಗೆ ಕಚ್ಚಿದೆ.